ಪುರಂದರದಾಸರ ಊರು ಮತ್ತು ವಿಕಿಪೀಡಿಯದ ಜಗಳ

ಪುರಂದರದಾಸರು ಹುಟ್ಟಿದ್ದು ಎಲ್ಲಿ? ಪುಣೆಯ ಹತ್ತಿರದ ಪುರಂದರಗಡದಲ್ಲಿ ಎಂದು ಕೇಳಿಕೊಂಡು ಬೆಳೆದವರು ನಮ್ಮಲ್ಲಿ ಬಹಳ ಮಂದಿ. ಮಲೆನಾಡಿನವರನ್ನು ಕೇಳಿ ನೋಡಿ, "ಇಲ್ಲಾರೀ, ಅವರು ತೀರ್ಥಹಳ್ಳಿ ಸೀಮೆಯವರು, ಆರಗದ ಕಡೆಯವರು" ಎನ್ನುತ್ತಾರೆ. ಎರಡು ವಾದಕ್ಕೂ ವಿದ್ವಾಂಸರ ಬೆಂಬಲವಿದೆ.

ಈಗ ಒಂದು ಸನ್ನಿವೇಶ ಊಹಿಸಿಕೊಳ್ಳಿ. ಯಾರು ಬೇಕಾದರೂ ತಿದ್ದಬಹುದಾದ ಅಂತರ್ಜಾಲದ ವಿಶ್ವಕೋಶ ವಿಕಿಪೀಡಿಯ. ಅದರ ಲೇಖನವೊಂದರಲ್ಲಿ 'ಜನನ: ಪುರಂದರಗಡ' ಎಂದಿದೆ. ಶಿವಮೊಗ್ಗದ ಮೇಷ್ಟ್ರೊಬ್ಬರು ರಾತ್ರಿ ಊಟ ಮುಗಿಸಿ ಕೂತು ಅದನ್ನು 'ಆರಗ' ಎಂದು ತಿದ್ದುತ್ತಾರೆ. ಬೆಳಿಗ್ಗೆ ಎದ್ದು ನೋಡಿದರೆ ಮತ್ತೆ ಪುರಂದರಗಡ. ಮೇಷ್ಟ್ರಿಗೆ ಪಿತ್ತ ನೆತ್ತಿಗೇರುತ್ತದೆ, ಮತ್ತೆ ತಿದ್ದುತ್ತಾರೆ. ಆ ಕಡೆಯವರೂ ಬಿಡುವುದಿಲ್ಲ. ಸಂಜೆ ಹೊತ್ತಿಗೆ ಲೇಖನದ 'ಇತಿಹಾಸ' ಪುಟ ತೆರೆದರೆ ಇಬ್ಬರೂ ಹಗ್ಗಜಗ್ಗಾಟ ಆಡಿದ ಗುರುತು ಸಾಲುಸಾಲಾಗಿ ಬಿದ್ದಿರುತ್ತದೆ. ಯಾರು, ಎಷ್ಟು ಗಂಟೆಗೆ, ಯಾವ ಅಕ್ಷರ ಬದಲಾಯಿಸಿದರು ಎಂಬುದೆಲ್ಲ ಅಲ್ಲಿ ದಾಖಲು.

ಬೇರೆಯವರು ಮಾಡಿದ ಬದಲಾವಣೆಯನ್ನು ತೆಗೆದು ಹಿಂದಿನ ರೂಪಕ್ಕೆ ತರುವುದನ್ನು ವಿಕಿಯವರು 'ರಿವರ್ಟ್' ಎನ್ನುತ್ತಾರೆ. ಒಂದು ಸಲ ರಿವರ್ಟ್ ಮಾಡಿದರೆ ತಪ್ಪೇನಿಲ್ಲ, ಅದೂ ಕೆಲಸದ ಒಂದು ಭಾಗವೇ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ರಿವರ್ಟ್ ಮಾಡಿದವರನ್ನು ಅಡ್ಮಿನ್‌ಗಳು ಬ್ಲಾಕ್ ಮಾಡಬಹುದು, ಅಂದರೆ ಮತ್ತೆ ತಿದ್ದದಂತೆ ತಡೆಯಬಹುದು. ಹೊಸಬರಿಗೆ ಅರ್ಥವಾಗದ ಸಂಗತಿ ಏನೆಂದರೆ, ಈ ಲೆಕ್ಕದಲ್ಲಿ ನೀವು ಸರಿಯೋ ತಪ್ಪೋ ಎಂಬುದು ಬರುವುದೇ ಇಲ್ಲ. ಶುದ್ಧ ಕಿಡಿಗೇಡಿತನವನ್ನು ಅಳಿಸುವಂಥ ಕೆಲವು ವಿನಾಯಿತಿ ಬಿಟ್ಟರೆ, ನಾಲ್ಕನೇ ಸಲ ಒತ್ತಿದ ಬೆರಳು ಯಾರದೋ ಅವರೇ ಸಿಕ್ಕಿಬೀಳುತ್ತಾರೆ. "ಆದರೆ ನನ್ನದು ಸತ್ಯ ಸ್ವಾಮಿ" ಎಂದು ಅಲವತ್ತುಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ವಿಕಿಯಲ್ಲಿ ಬರೆಯತೊಡಗಿದ ಮೊದಲನೆಯ ವರ್ಷ ನಾನೂ ಹಾಗೇ ಅಂದಿದ್ದೆ.

ಇಲ್ಲಿ ಪ್ರಶ್ನೆಯನ್ನೇ ಬದಲಾಯಿಸಬೇಕು. ದಾಸರು ಎಲ್ಲಿ ಹುಟ್ಟಿದರು ಎಂಬುದನ್ನು ತೀರ್ಮಾನಿಸುವ ಅಧಿಕಾರ ವಿಕಿ ಸಂಪಾದಕನಿಗಿಲ್ಲ. ಎಲ್ಲಿ ಹುಟ್ಟಿದರು ಎಂದು ಯಾರು ಯಾರು ಹೇಳಿದ್ದಾರೆ, ಎಲ್ಲಿ ಪ್ರಕಟಿಸಿದ್ದಾರೆ ಎಂಬುದನ್ನು ಬರೆಯುವುದಷ್ಟೇ ಅವನ ಪಾಲಿನ ಕೆಲಸ. 'ಪುರಂದರದಾಸರು ಪುರಂದರಗಡದಲ್ಲಿ ಹುಟ್ಟಿದರು' ಎಂದು ಬರೆದರೆ ಅದು ವಿಕಿಪೀಡಿಯವೇ ಕೊಟ್ಟ ತೀರ್ಪಿನ ಹಾಗಾಯಿತು. 'ಪುರಂದರಗಡ ಅವರ ಹುಟ್ಟೂರು ಎಂಬುದು ಒಂದು ಅಭಿಪ್ರಾಯ. ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸುತ್ತಮುತ್ತ ಎಂದು ಇಂಥ ವಿದ್ವಾಂಸರು ವಾದಿಸಿದ್ದಾರೆ' ಎಂದು ಬರೆದು, ಪ್ರತಿಯೊಂದಕ್ಕೂ ಪುಸ್ತಕದ ಹೆಸರು, ಪುಟಸಂಖ್ಯೆ ಕೊಟ್ಟರೆ, ಮೇಷ್ಟ್ರಿಗೂ ಆ ಕಡೆಯವರಿಗೂ ಅಳಿಸಲು ಕಾರಣವೇ ಉಳಿಯುವುದಿಲ್ಲ. 'ತಟಸ್ಥ ದೃಷ್ಟಿಕೋನ' ಎಂದು ನಿಯಮದ ಪುಟದಲ್ಲಿ ಉದ್ದಕ್ಕೆ ಬರೆದಿರುವುದರ ಸಾರ ಇಷ್ಟೇ. ಮುಕ್ಕಾಲು ಪಾಲು ಜಗಳಗಳು, ಯಾರೂ ಸೋಲದೆ, ವಾಕ್ಯಕ್ಕೆ ಒಬ್ಬ ಕರ್ತೃವನ್ನು ಕೊಟ್ಟ ಕೂಡಲೇ ಮುಗಿದುಹೋಗುತ್ತವೆ.

ಹಾಗೆಂದು ಎಲ್ಲರ ಮಾತಿಗೂ ಒಂದೊಂದು ಸಾಲು ಕೊಡುತ್ತಾ ಹೋಗುವುದೂ ತಟಸ್ಥವಲ್ಲ. ನಾಳೆ ಯಾರೋ ತಮ್ಮ ಫೇಸ್‌ಬುಕ್ಕಿನಲ್ಲಿ 'ದಾಸರು ನಮ್ಮ ತಾಲ್ಲೂಕಿನವರು' ಎಂದು ಬರೆದರೆ ಅದನ್ನು ಮೂರನೇ ಅಭಿಪ್ರಾಯವೆಂದು ಸೇರಿಸಲಾಗದು. ವಿದ್ವಾಂಸರ ವಲಯದಲ್ಲಿ ಒಂದು ವಾದಕ್ಕೆ ಎಷ್ಟು ತೂಕವಿದೆಯೋ ಲೇಖನದಲ್ಲೂ ಅಷ್ಟೇ ಜಾಗ. ಈ ತೂಕ ಎಷ್ಟು ಎಂಬುದರ ಮೇಲೆ ಮತ್ತೊಂದು ಜಗಳ ಶುರುವಾಗುತ್ತದೆ, ನಿಜ. ಆದರೆ ಅದು ಮೊದಲಿನದಕ್ಕಿಂತ ವಾಸಿ. ಈಗ ಕೈಯಲ್ಲಿ ಪುಸ್ತಕ ಹಿಡಿದುಕೊಂಡು ಜಗಳವಾಡಬೇಕು.

ಪುಸ್ತಕ ಹಿಡಿದುಕೊಳ್ಳುವುದರಲ್ಲೇ ನನ್ನ ಮೊದಲ ಮುಗ್ಗರಿಕೆ. ಹೊಸದರಲ್ಲಿ ನಮ್ಮೂರಿನ ಕೆರೆಯ ಬಗ್ಗೆ ಒಂದು ಲೇಖನ ಬರೆದೆ. ಊರಗೌಡನ ಸೊಸೆಯೊಬ್ಬಳು ಬರಗಾಲದಲ್ಲಿ ತನ್ನ ಒಡವೆಗಳನ್ನು ಮಾರಿ ಕಟ್ಟಿಸಿದ ಕೆರೆ ಅದು, ಎಂಟುನೂರು ವರ್ಷ ಹಳೆಯದು ಎಂದು ಅಜ್ಜಿ ಹೇಳುತ್ತಿದ್ದರು. ಹಾಗೇ ಬರೆದೆ. ಎರಡು ದಿನದಲ್ಲಿ ಲೇಖನದ ತಲೆಯ ಮೇಲೆ ಹಳದಿ ಪಟ್ಟಿ ಬಂತು: ಇದಕ್ಕೆ ಉಲ್ಲೇಖಗಳಿಲ್ಲ, ಉಲ್ಲೇಖ ಕೊಡದಿದ್ದರೆ ಅಳಿಸಬಹುದು. ನನಗೆ ಅವಮಾನವಾಯಿತು. ಚರ್ಚಾಪುಟಕ್ಕೆ ಹೋಗಿ, ನಮ್ಮಜ್ಜಿ ಸುಳ್ಳು ಹೇಳುತ್ತಾರೆಯೇ ಎಂದು ಕೇಳಿಬಿಟ್ಟೆ. ಈಗ ಓದಿದರೆ ನಗು ಬರುತ್ತದೆ, ಆದರೆ ಅದೂ ಇತಿಹಾಸ ಪುಟದಲ್ಲಿ ಭದ್ರವಾಗಿ ಕೂತಿದೆ.

ಅಜ್ಜಿಯ ಮಾತಿನ ಮೇಲೆ ಯಾರಿಗೂ ಅನುಮಾನವಿರಲಿಲ್ಲ. ಗುಲ್ಬರ್ಗದಲ್ಲೋ ಗ್ಲಾಸ್ಗೋದಲ್ಲೋ ಕೂತ ಓದುಗ ಅದನ್ನು ಪರೀಕ್ಷಿಸುವುದು ಹೇಗೆ ಎಂಬುದಷ್ಟೇ ಪ್ರಶ್ನೆ. ವಿಕಿಪೀಡಿಯದಲ್ಲಿ ಬರೆಯುವವನಿಗೆ ಹೆಸರಿಲ್ಲ, ಡಿಗ್ರಿಯಿಲ್ಲ. ಇದ್ದರೂ ಲೆಕ್ಕಕ್ಕಿಲ್ಲ. ತಾನು ದೇವತಾಶಾಸ್ತ್ರದ ಪ್ರೊಫೆಸರ್ ಎಂದು ಹೇಳಿಕೊಂಡು ಇಂಗ್ಲಿಷ್ ವಿಕಿಪೀಡಿಯದಲ್ಲಿ ದೊಡ್ಡ ಅಧಿಕಾರದ ಸ್ಥಾನಕ್ಕೇರಿದ್ದ ಒಬ್ಬಾತ 24 ವರ್ಷದ ತರುಣ, ಪ್ರೊಫೆಸರೂ ಅಲ್ಲ ಏನೂ ಅಲ್ಲ ಎಂದು 2007ರಲ್ಲಿ ಬಯಲಾಗಿ ಸಂಸ್ಥೆ ತಲೆತಗ್ಗಿಸಿತ್ತು. ಹೀಗಾಗಿ 'ನಾನು ಮೂವತ್ತು ವರ್ಷದಿಂದ ಈ ವಿಷಯ ಓದುತ್ತಿದ್ದೇನೆ' ಎಂಬ ಮಾತಿಗೆ ಇಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಮೂವತ್ತು ವರ್ಷ ಓದಿದವರು ಯಾವ ಪುಸ್ತಕದ ಯಾವ ಪುಟ ಎಂದು ಬೇಗ ಹುಡುಕಿಕೊಡಬಲ್ಲರು, ಅವರ ಅನುಕೂಲ ಅಲ್ಲಿದೆ.

ಇದರ ಬೆನ್ನಿಗೇ ಬರುವುದು ಸ್ವಂತ ಸಂಶೋಧನೆ ಬೇಡ ಎಂಬ ನಿಯಮ. ಇದು ನಮ್ಮ ಕಡೆಯ ಇತಿಹಾಸಪ್ರಿಯರನ್ನು ಕೆರಳಿಸುವಷ್ಟು ಬೇರೆ ಯಾವುದೂ ಕೆರಳಿಸುವುದಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನೇ ತೆಗೆದುಕೊಳ್ಳಿ. ಕಲ್ಲಿನ ಮೇಲೆ ಇಸವಿಯಿಲ್ಲ. ಕ್ರಿ.ಶ. 450ರ ಸುಮಾರು ಎಂಬುದು ವಿದ್ವಾಂಸರು ಲಿಪಿ, ಭಾಷೆ, ಅರಸರ ಹೆಸರು ನೋಡಿ ಹೇಳಿದ್ದು. ಅದಕ್ಕೆ ಒಪ್ಪದೆ ಈಚಿನ ಕಾಲ ಹೇಳಿದವರೂ ಇದ್ದಾರೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ 2013-14ರ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನ ಶಾಸನ ಕ್ರಿ.ಶ. 370ರದ್ದು, ಹಲ್ಮಿಡಿಗಿಂತ ಹಳೆಯದು ಎಂಬ ಮಾತೂ ಬಂತು. ಇದೆಲ್ಲವನ್ನೂ ವಿಕಿಪೀಡಿಯದಲ್ಲಿ ಬರೆಯಬಹುದು. ಬರೆಯಬಾರದ್ದು ಯಾವುದೆಂದರೆ, ನೀವೇ ಕಲ್ಲಿನ ಮುಂದೆ ನಿಂತು, ಅಕ್ಷರಗಳ ರೂಪ ನೋಡಿ, 'ಇದು 420ಕ್ಕಿಂತ ಈಚಿನದಲ್ಲ' ಎಂದು ತೀರ್ಮಾನಕ್ಕೆ ಬಂದದ್ದು. ನೀವು ಹೇಳಿದ್ದು ಸರಿಯೇ ಇರಬಹುದು. ಮೊದಲು ಒಂದು ಸಂಶೋಧನ ಪತ್ರಿಕೆಯಲ್ಲಿ ಪ್ರಕಟಿಸಿ, ಬೇರೆಯವರು ಅದನ್ನು ಚರ್ಚಿಸಲಿ. ವಿಕಿಪೀಡಿಯ ಯಾವತ್ತೂ ಸರದಿಯಲ್ಲಿ ಕೊನೆಗೆ ನಿಲ್ಲುವ ಆಸಾಮಿ.

ಇನ್ನೊಂದು ನುಸುಳುದಾರಿಯಿದೆ. ಒಂದು ಪುಸ್ತಕದಿಂದ ಒಂದು ಮಾಹಿತಿ, ಇನ್ನೊಂದರಿಂದ ಇನ್ನೊಂದು ತೆಗೆದುಕೊಂಡು, ಎರಡರಲ್ಲೂ ಇಲ್ಲದ ಮೂರನೇ ತೀರ್ಮಾನ ಬರೆಯುವುದು. ಉಲ್ಲೇಖ ಎರಡಿದ್ದರೂ ಅದು ಸ್ವಂತ ಸಂಶೋಧನೆಯೇ.

ಈ ನಿಯಮಗಳು ನಮ್ಮಂಥ ಭಾಷೆಗಳಿಗೆ ಪೂರ್ತಿ ನ್ಯಾಯ ಮಾಡುತ್ತವೆ ಎಂದು ನಾನು ಹೇಳಲಾರೆ. ಅಚ್ಚಾದದ್ದೇ ಆಧಾರ ಎಂದರೆ, ಅಚ್ಚಾಗದೆ ಬಾಯಿಂದ ಬಾಯಿಗೆ ಬಂದ ಅಡುಗೆ, ಆಟ, ಆಚರಣೆ, ಹಾಡುಗಳ ಗತಿಯೇನು? ಬೆಂಗಳೂರಿನ ಅಚಲ್ ಪ್ರಭಾಲ 2011ರಲ್ಲಿ ಇದೇ ಪ್ರಶ್ನೆ ಹಿಡಿದು ಭಾರತ ಮತ್ತು ದಕ್ಷಿಣ ಆಫ್ರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಜನರ ಮಾತನ್ನು ಧ್ವನಿಮುದ್ರಿಸಿ, ಆ ಧ್ವನಿಯನ್ನೇ ಉಲ್ಲೇಖವಾಗಿ ಕೊಡುವುದು. ಕೇರಳದ ಮಕ್ಕಳಾಟ 'ಡಬ್ಬಾ ಕಳಿ'ಯಂಥ, ಅಸಂಖ್ಯ ಜನರಿಗೆ ಗೊತ್ತಿದ್ದೂ ಪುಸ್ತಕದಲ್ಲಿ ಸಿಗದ ಸಂಗತಿಗಳು ಅವರ ಉದಾಹರಣೆಗಳು. ಮೌಖಿಕ ಉಲ್ಲೇಖ ಎಲ್ಲೆಡೆ ಒಪ್ಪಿತ ನಿಯಮವಾಗಿ ಬೆಳೆಯಲಿಲ್ಲ. ಭೂತಕೋಲದಲ್ಲಿ ಹಾಡುವ ಕಥನಗೀತೆಯಾದ ಪಾಡ್ದನದ ಮೇಲೆ ಬರೆಯುವ ತುಳುನಾಡಿನ ಸಂಪಾದಕ ಇವತ್ತಿಗೂ ಯಾರಾದರೂ ಪಿಎಚ್‌.ಡಿ. ಮಾಡಿ ಪ್ರಬಂಧ ಪ್ರಕಟಿಸಲಿ ಎಂದು ಕಾಯಬೇಕು. ಆ ಪಾಡ್ದನ ಹೇಳಿದ ಅಜ್ಜಿಗಿಂತ ಅದನ್ನು ಬರೆದುಕೊಂಡ ವಿದ್ಯಾರ್ಥಿಯ ಮಾತು ಹೆಚ್ಚು ನಂಬಿಕಸ್ಥವಾಗುವುದು ನನಗಂತೂ ಕಸಿವಿಸಿಯ ಸಂಗತಿ.

ಆದರೆ ಈ ಬಾಗಿಲು ತೆಗೆದುಬಿಟ್ಟರೆ ಒಳಗೆ ಯಾರೆಲ್ಲ ಬರುತ್ತಾರೆ ಎಂಬುದನ್ನೂ ನೋಡಿದ್ದೇನೆ. 2008ರಲ್ಲಿ ಅಮೆರಿಕದ ಹುಡುಗನೊಬ್ಬ ಕೋಆಟಿ ಎಂಬ ಪ್ರಾಣಿಯ ಲೇಖನದಲ್ಲಿ ತಮಾಷೆಗೆ 'ಇದನ್ನು ಬ್ರೆಜಿಲಿಯನ್ ಆರ್ಡ್‌ವಾರ್ಕ್ ಎಂದೂ ಕರೆಯುತ್ತಾರೆ' ಎಂದು ಸೇರಿಸಿದ. ಅವನೇ ಕಟ್ಟಿದ ಹೆಸರು. ಮುಂದಿನ ವರ್ಷಗಳಲ್ಲಿ ಪತ್ರಿಕೆಗಳು ಅದನ್ನು ಬಳಸಿದವು, ಆಮೇಲೆ ಆ ಪತ್ರಿಕೆಗಳನ್ನೇ ವಿಕಿಪೀಡಿಯದಲ್ಲಿ ಉಲ್ಲೇಖವಾಗಿ ಕೊಡಲಾಯಿತು. ಹಾವು ತನ್ನ ಬಾಲವನ್ನೇ ನುಂಗಿದಂತೆ. ನಮ್ಮ ಪತ್ರಿಕೆಗಳ ಪುರವಣಿ ಬರಹಗಳಲ್ಲೂ ವಿಕಿಯಿಂದ ಎತ್ತಿದ ಸಾಲು ಕಾಣದ ವಾರವಿಲ್ಲ. ಹಾಗಾಗಿ ಉಲ್ಲೇಖ ಕೊಡುವ ಮೊದಲು ಆ ಬರಹದ ತಾರೀಕನ್ನೂ ವಿಕಿಯಲ್ಲಿ ಆ ಸಾಲು ಸೇರಿದ ತಾರೀಕನ್ನೂ ಹೋಲಿಸುವುದು ನನಗೆ ಅಭ್ಯಾಸವಾಗಿದೆ. ಜಾತಿಗಳ ಲೇಖನಗಳಲ್ಲಂತೂ ಇನ್ನೂ ಬಿಗಿ. ಬ್ರಿಟಿಷ್ ಅಧಿಕಾರಿಗಳು ಬರೆದ ಜನಾಂಗ ವಿವರಗಳನ್ನು, ಉದಾಹರಣೆಗೆ ಎಡ್ಗರ್ ಥರ್ಸ್ಟನ್ 1909ರಲ್ಲಿ ತಂದ ಏಳು ಸಂಪುಟಗಳನ್ನು, ಇಂಗ್ಲಿಷ್ ವಿಕಿಪೀಡಿಯ ಸಮುದಾಯ ನಂಬಲರ್ಹ ಆಧಾರವೆಂದು ಎಣಿಸುವುದಿಲ್ಲ. 'ನಮ್ಮವರು ಕ್ಷತ್ರಿಯರು, ಥರ್ಸ್ಟನ್ನೇ ಹೇಳಿದ್ದಾನೆ' ಎಂದು ಬರುವವರು ಮೊದಲ ಬಾಗಿಲಲ್ಲೇ ಮುಗ್ಗರಿಸುತ್ತಾರೆ.

ಇನ್ನು ಮಾತಿನ ರೀತಿ. ಪ್ರತಿ ಲೇಖನಕ್ಕೂ ಒಂದು ಚರ್ಚಾಪುಟವಿದೆ. ಬಹಳ ಜನ ಆ ಟ್ಯಾಬ್ ಒತ್ತಿಯೇ ಇರುವುದಿಲ್ಲ. ನಿಮ್ಮ ಸಾಲನ್ನು ಯಾರೋ ತೆಗೆದರು ಅನ್ನಿ. ಒಂದು ರೀತಿ ಹೀಗೆ: "ತೆಗೆಯೋಕೆ ನೀವ್ಯಾರು? ಕನ್ನಡ ದ್ರೋಹಿಗಳು." ಇನ್ನೊಂದು ರೀತಿ: "ನಮಸ್ಕಾರ. ನೀವು ತೆಗೆದ ಸಾಲನ್ನು ಇಂಥ ಪುಸ್ತಕದ 43ನೇ ಪುಟದಿಂದ ತೆಗೆದುಕೊಂಡಿದ್ದೆ. ತಕರಾರು ಆ ಪುಸ್ತಕದ ಮೇಲೋ, ನಾನು ಬರೆದ ರೀತಿಯ ಮೇಲೋ ತಿಳಿಸಿದರೆ ಸರಿಪಡಿಸುತ್ತೇನೆ." ಎರಡನೆಯದರಲ್ಲಿ ವಿನಯಕ್ಕಿಂತ ದೊಡ್ಡದೊಂದು ತಂತ್ರವಿದೆ. ಎದುರಿನವರು ಈಗ ನಿರ್ದಿಷ್ಟ ಉತ್ತರ ಕೊಡಲೇಬೇಕು. ಕೊಡದೆ ಸುಮ್ಮನಿದ್ದು ಮತ್ತೆ ಅಳಿಸಿದರೆ, ನಾಳೆ ಮೂರನೆಯವರು ಬಂದು ಪುಟ ನೋಡಿದಾಗ ಯಾರು ಮಾತಿಗೆ ಸಿದ್ಧರಿದ್ದರು, ಯಾರು ಇರಲಿಲ್ಲ ಎಂಬುದು ಕಣ್ಣಿಗೆ ರಾಚುತ್ತದೆ. ಚರ್ಚಾಪುಟದಲ್ಲಿ ನೀವು ಬರೆಯುವುದು ಎದುರಾಳಿಗಲ್ಲ, ಆ ಮೂರನೆಯವರಿಗೆ.

ನೆರವಿಗೆ ಜನ ಕರೆಯುವ ಆಸೆ ಮಾತ್ರ ಬೇಡ. ವಾಟ್ಸಾಪ್ ಗುಂಪಿನಲ್ಲಿ 'ಎಲ್ಲರೂ ಹೋಗಿ ಅಲ್ಲಿ ಬರೆಯಿರಿ' ಎಂದು ಲಿಂಕ್ ಹಾಕಿದರೆ ಕೆಲಸ ಕೆಡುತ್ತದೆ. ಇಲ್ಲಿ ತೀರ್ಮಾನವಾಗುವುದು ಕೈ ಎತ್ತಿಸಿ ಎಣಿಸಿದ ಮೇಲಲ್ಲ, ವಾದದ ತೂಕದ ಮೇಲೆ. ಹೊಸ ಖಾತೆಗಳಿಂದ ಒಂದೇ ಧಾಟಿಯ ಐವತ್ತು ಕಾಮೆಂಟ್ ಬಂದರೆ ಅಡ್ಮಿನ್‌ಗಳು ಅದನ್ನು ಒಂದು ಎಂದೇ ಎಣಿಸುತ್ತಾರೆ. ಒಬ್ಬರೇ ಎರಡು ಮೂರು ಹೆಸರಲ್ಲಿ ಬಂದು ತಮಗೆ ತಾವೇ 'ಹೌದು ಹೌದು' ಎನ್ನುವವರೂ ಇದ್ದಾರೆ. ಅವರಿಗೆ ಸಾಕ್‌ಪಪೆಟ್ ಎಂಬ ಹೆಸರಿದೆ, ಸಿಕ್ಕಿಬಿದ್ದರೆ ಬ್ಲಾಕ್.

ಇಂಗ್ಲಿಷ್ ವಿಕಿಪೀಡಿಯದೊಂದಿಗೆ ಕನ್ನಡಿಗರ ದೊಡ್ಡ ಮುನಿಸು ನಡೆದಿರುವುದು ಎರಡು ವಿಷಯಕ್ಕೆ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ ಸೇರಿ 12 ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯಿತು. ಅಲ್ಲಿನ ಲೇಖನದ ತಲೆಬರಹ ಮಾತ್ರ ವರ್ಷಗಟ್ಟಲೆ 'ಬ್ಯಾಂಗಲೋರ್' ಎಂದೇ ಉಳಿಯಿತು. ಗೆಜೆಟ್ ತೋರಿಸಿದರೂ ಜಗ್ಗಲಿಲ್ಲ, ಏಕೆಂದರೆ ಅಲ್ಲಿನ ನಿಯಮ ಸರ್ಕಾರ ಏನನ್ನುತ್ತದೆ ಎಂದು ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಬರೆಯುವವರು ಹೆಚ್ಚಾಗಿ ಯಾವ ಹೆಸರು ಬಳಸುತ್ತಾರೆ ಎಂದು ಕೇಳುತ್ತದೆ. 'ಇದು ನಮ್ಮ ಅಭಿಮಾನದ ಪ್ರಶ್ನೆ' ಎಂದು ನೂರು ಸಲ ಬರೆಯುವ ಬದಲು, ಪತ್ರಿಕೆಗಳು, ಪುಸ್ತಕಗಳು ಯಾವ ಕಾಲದಿಂದ ಬೆಂಗಳೂರು ಎನ್ನತೊಡಗಿವೆ ಎಂದು ಪಟ್ಟಿ ಮಾಡಿ ಮುಂದಿಟ್ಟರೆ ಮಾತ್ರ ಅಲ್ಲಿ ಕಿವಿ ಕೇಳಿಸುತ್ತದೆ.

ಎರಡನೆಯದು ಲಿಪಿ. ಭಾರತದ ಊರು, ವ್ಯಕ್ತಿಗಳ ಇಂಗ್ಲಿಷ್ ಲೇಖನಗಳ ಪೀಠಿಕೆಯಲ್ಲಿ ಭಾರತೀಯ ಲಿಪಿಗಳನ್ನು ಹಾಕುವುದೇ ಬೇಡ ಎಂದು ಅಲ್ಲಿನ ಸಮುದಾಯ ತೀರ್ಮಾನಿಸಿತು. ಕನ್ನಡಕ್ಕೆ ಮಾಡಿದ ಅನ್ಯಾಯ ಎಂದು ನಾವು ಕೂಗಿದೆವು. ಕಾರಣ ಕೇಳಿದರೆ ಸ್ವಲ್ಪ ನಾಚಿಕೆಯಾಗುತ್ತದೆ: ಗಡಿಭಾಗದ ಊರಿಗೆ ಕನ್ನಡ ಮೊದಲೋ ಮರಾಠಿ ಮೊದಲೋ, ನಟಿಯೊಬ್ಬಳ ಹೆಸರು ತುಳುವಿನಲ್ಲೋ ಕನ್ನಡದಲ್ಲೋ ತೆಲುಗಿನಲ್ಲೋ ಎಂದು ನಾವು ನಾವೇ ಕಿತ್ತಾಡಿ, ಸಾಲಿನ ತುಂಬ ಐದಾರು ಲಿಪಿ ತುಂಬಿಸಿ, ಯಾವ ಕಾಗುಣಿತ ಸರಿ ಎಂದು ನೋಡುವವರೂ ಇಲ್ಲದೆ ಆ ಸ್ಥಿತಿ ತಂದುಕೊಂಡದ್ದು. ಇಬ್ಬರು ಹಟ ಬಿಡದಿದ್ದಾಗ ಆಟಿಕೆಯನ್ನೇ ಕಪಾಟಿನ ಮೇಲಿಡುವ ಅಮ್ಮನ ನ್ಯಾಯ ಇದು.

ಕನ್ನಡ ವಿಕಿಪೀಡಿಯಕ್ಕೆ ಬಂದರೆ ಕಥೆ ತಿರುವುಮುರುವು. 2003ರ ಜೂನ್‌ನಲ್ಲಿ ಶುರುವಾದ ಇಲ್ಲಿ ಊರಿನ ಎಲ್ಲ ಮಾತಿಗೆ 'ಅರಳಿ ಕಟ್ಟೆ' ಎಂಬ ಪುಟವಿದೆ. ಹೆಸರು ಎಷ್ಟು ಚೆಂದ! ಕಟ್ಟೆಯ ಮೇಲೆ ಜನ ಮಾತ್ರ ಕಡಿಮೆ. ಒಂದು ಪ್ರಸ್ತಾಪ ಬರೆದು ತಿಂಗಳಾದರೂ ಇಬ್ಬರು ಮೂವರ ಉತ್ತರ, ಕೆಲವೊಮ್ಮೆ ಅದೂ ಇಲ್ಲ. ಸಾವಿರಾರು ಜನರ ಗದ್ದಲವನ್ನು ನಿಭಾಯಿಸಲು ಬರೆದ ನಿಯಮಗಳನ್ನು ಬೆರಳೆಣಿಕೆಯ ಜನ ಇಟ್ಟುಕೊಂಡು ಕೂತರೆ, ನಿಯಮ ಹೇಳುವವರೇ ನಿಯಮ ಆಗಿಬಿಡುವ ಅಪಾಯವಿದೆ. ಇಂಗ್ಲಿಷ್ ವಿಕಿಯಲ್ಲಿ ಮೂರನೆಯವರ ಅಭಿಪ್ರಾಯ ಕೇಳುವುದಕ್ಕೆ ಬೇರೆಯೇ ವ್ಯವಸ್ಥೆಯಿದೆ. ಇಲ್ಲಿ ಆ ಮೂರನೆಯವರು ಬಹಳ ಸಲ ಮೊದಲ ಇಬ್ಬರ ಸ್ನೇಹಿತರೇ.

ಜನವಿಲ್ಲದ್ದರ ಪರಿಣಾಮ ಕಣ್ಣಿಗೆ ಕಾಣುವುದು ಹಳೆಯ ಅನುವಾದಗಳಲ್ಲಿ. 2009ರ ಆಚೀಚೆ ಗೂಗಲ್ ತನ್ನ ಅನುವಾದ ಸಲಕರಣೆಯನ್ನು ಪಳಗಿಸಲು ಹಣ ಕೊಟ್ಟು ಭಾರತೀಯ ಭಾಷೆಗಳಿಗೆ ಇಂಗ್ಲಿಷ್ ಲೇಖನಗಳನ್ನು ಅನುವಾದ ಮಾಡಿಸಿ ಸುರಿಯಿತು. ಬಂಗಾಳಿಯವರು ನಮಗೆ ಬೇಡ ಎಂದು ತಡೆದರು. ಕನ್ನಡದಲ್ಲಿ ಸುರಿದದ್ದು ಉಳಿಯಿತು. ಉದ್ದುದ್ದ ಲೇಖನ, ಕೈತುಂಬ ಉಲ್ಲೇಖ, ಒಂದು ವಾಕ್ಯವೂ ಕನ್ನಡದವರು ಆಡುವ ಹಾಗಿಲ್ಲ. ನಿಯಮದ ಕಣ್ಣಿಗೆ ಅದು ಉಲ್ಲೇಖವಿರುವ ಒಳ್ಳೆಯ ಲೇಖನ, ಓದುವವನ ಕಣ್ಣಿಗೆ ಕಬ್ಬಿಣದ ಕಡಲೆ. ಅಳಿಸಬೇಕೆ, ತಿದ್ದಬೇಕೆ? ನಾನು ಅಳಿಸುವ ಪಕ್ಷ. ಅರ್ಥವಾಗದ ಲೇಖನಕ್ಕಿಂತ ಮೂರು ಸಾಲಿನ ಅಚ್ಚುಕಟ್ಟಾದ ಲೇಖನ ಲೇಸು. ತಿದ್ದೋಣ ಎನ್ನುವ ಗೆಳೆಯರಿದ್ದಾರೆ, ಅವರಲ್ಲಿ ಕೆಲವರು ನಿಜಕ್ಕೂ ತಿದ್ದುತ್ತಲೂ ಇದ್ದಾರೆ, ಆದ್ದರಿಂದ ನಾನು ಬಾಯಿಮುಚ್ಚಿಕೊಂಡಿದ್ದೇನೆ. ಅಮೆರಿಕವೋ ಅಮೇರಿಕವೋ ಅಮೇರಿಕಾವೋ ಎಂಬ ಜಗಳವನ್ನು ಮಾತ್ರ ಯಾರೂ ಆಡಬೇಕಿಲ್ಲ: ಒಂದನ್ನು ತಲೆಬರಹವಾಗಿಟ್ಟು, ಉಳಿದವು ಅಲ್ಲಿಗೇ ಕರೆದೊಯ್ಯುವ ಹಾಗೆ ಪುನರ್ನಿರ್ದೇಶನ ಕೊಟ್ಟರಾಯಿತು.

ಬದುಕಿರುವವರ ಬಗ್ಗೆ ಬರೆಯುವಾಗ ಮಾತ್ರ ತಮಾಷೆಯಿಲ್ಲ. ಉಲ್ಲೇಖವಿಲ್ಲದ ಆಪಾದನೆಯನ್ನು ಚರ್ಚೆಗೆ ಕಾಯದೆ ತೆಗೆಯಬೇಕು. ಕಾನೂನಿನ ಬಿಸಿಯೂ ತಟ್ಟಬಹುದು. ಎಎನ್‌ಐ ಸುದ್ದಿಸಂಸ್ಥೆ ತನ್ನ ಕುರಿತ ಲೇಖನದ ವಿಚಾರವಾಗಿ 2024ರ ಜುಲೈನಲ್ಲಿ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್ ಮೇಲೆ ದೆಹಲಿ ಹೈಕೋರ್ಟಿನಲ್ಲಿ ಮಾನನಷ್ಟ ಮೊಕದ್ದಮೆ ಹೂಡಿತು. ಬದಲಾವಣೆ ಮಾಡಿದ ಸಂಪಾದಕರ ವಿವರ ಕೊಡಿ ಎಂದು ನ್ಯಾಯಾಲಯ ಕೇಳಿದಾಗ ದೇಶದ ಎಷ್ಟೋ ಸ್ವಯಂಸೇವಕರ ಎದೆ ಧಸಕ್ಕೆಂದಿತು. ಆ ಮೊಕದ್ದಮೆಯ ಬಗ್ಗೆಯೇ ಬರೆದಿದ್ದ ಪುಟವನ್ನು ಅಕ್ಟೋಬರ್‌ನಲ್ಲಿ ಹೈಕೋರ್ಟಿನ ಆದೇಶದಿಂದ ತೆಗೆಸಲಾಯಿತು; 2025ರ ಮೇ 9ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಮಾಡಿತು. ವಿವಾದದ ಪುಟ ಮುಟ್ಟುವವರು ಆಧಾರವಿಲ್ಲದ ಒಂದು ವಿಶೇಷಣವನ್ನೂ ಬಿಡದಿರಲು ಇಷ್ಟು ಸಾಕು.

ನಮ್ಮೂರ ಕೆರೆಯ ಲೇಖನ ಅಳಿಸಿಹೋಗಲಿಲ್ಲ. ನಾನು ಮುನಿಸಿಕೊಂಡು ಆರು ತಿಂಗಳು ಆ ಕಡೆ ಸುಳಿಯದಿದ್ದಾಗ, ಪರಿಚಯವೇ ಇಲ್ಲದ ಒಬ್ಬರು ಚರ್ಚಾಪುಟದಲ್ಲಿ ಎರಡು ಸಾಲು ಬರೆದಿದ್ದರು: ನಿಮ್ಮ ಊರಿನ ತೂಬಿನ ಹತ್ತಿರದ ಕಲ್ಲು, ನಮ್ಮ ನಾಡಿನ ಶಾಸನಗಳ ಸಂಪುಟಗಳಾದ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಅಚ್ಚಾಗಿದೆ, ನೋಡಿ. ಗ್ರಂಥಾಲಯಕ್ಕೆ ಹೋಗಿ ಸಂಪುಟ ತೆರೆದೆ. ತೂಬು ಒಡೆದಾಗ ಕಟ್ಟಿಸಿದವನಿಗೆ ಗದ್ದೆಯನ್ನು ಕಟ್ಟುಗೊಡಗೆಯಾಗಿ ಬಿಟ್ಟದ್ದು ಅಲ್ಲಿದೆ. ಅಜ್ಜಿ ಹೇಳಿದ್ದಕ್ಕಿಂತ ಇನ್ನೂರು ವರ್ಷ ಈಚಿನ ಕಾಲ. ಸೊಸೆಯ ಸುದ್ದಿಯಿಲ್ಲ, ಕೆರೆ ಕಟ್ಟಿಸಿದ ಸುದ್ದಿಯೂ ಇಲ್ಲ. ಒಡೆದ ತೂಬು ರಿಪೇರಿಯಾದದ್ದು ಮಾತ್ರ. ಅದರಿಂದ ಕೆರೆಯ ವಯಸ್ಸು ಹೇಳುವ ಹಾಗಿಲ್ಲ ಎಂಬುದು ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ಲೇಖನದಲ್ಲಿ ಈಗ ತೂಬಿನ ಬಗ್ಗೆ ಒಂದು ವಾಕ್ಯವಿದೆ, ಪಕ್ಕದಲ್ಲಿ ಸಂಪುಟದ ಉಲ್ಲೇಖ. ಒಡವೆ ಮಾರಿದ ಸೊಸೆ ಚರ್ಚಾಪುಟದಲ್ಲೇ ಇದ್ದಾಳೆ, ನನ್ನ ಆ ಕೋಪದ ಮಾತಿನ ಕೆಳಗೆ.